ಪರದೆಯ ಪಕ್ಕದಲ್ಲಿ ನಿಂತವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿಂದೊಮ್ಮೆ ನಾನೇ ಕೇಳಿದ್ದೆ: “ಮಾಸ್ತರ, ನಿಮ್ಮ ಮ್ಯಾಲ ಒಂದ್ ನಾಕ್ ಪುಟ ಬರೀಲೇನ್ರಿ?” ಅವರು ಎಲೆಗೆ ಸುಣ್ಣ ಸವರುತ್ತ, “ಬರಿ. ಆದ್ರ ಹೆಸರು ಹಾಕಬ್ಯಾಡ. ಹೆಸರು ಹಾಕಿದ್ರ ಮಂದಿ ಮೊದಲು ಜಾತಿ ಹುಡುಕ್ತಾರ, ಆಮ್ಯಾಲ ಓದ್ತಾರ” ಎಂದಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಎಂಬತ್ತು ದಾಟಿತ್ತು. ಸುದ್ದಿ ಕೇಳಿದಾಗ ನನಗೆ ಅಳು ಬರಲಿಲ್ಲ. ಮನೆಯವರನ್ನೆಲ್ಲ ಕರೆದು ಕೂಡಿಸಿಕೊಂಡು, ಇಂಥವರೊಬ್ಬರ ಜೊತೆ ನಾನು ಕೆಲಸ ಮಾಡಿದ್ದೆ ಎಂದು ಹೇಳಬೇಕೆನಿಸಿತು. ಹೇಳಿದೆ. ಇದು ಆ ಹೇಳಿದ್ದರ ಬರಹ.

ನಿಜಾಮರ ಆಳಿಕೆಯ ಕಾಲ. ಕಲಬುರಗಿಯ ಸರಕಾರಿ ಶಾಲೆಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತು ವರ್ಷ, ಅವರಿಗೆ ಮೂವತ್ತರ ಮೇಲೆ. ಕುಳ್ಳನೆಯ ಆಳು. ಪಾಠ ಶುರುಮಾಡುವ ಮೊದಲು ರುಮಾಲು ತೆಗೆದು ಮೇಜಿನ ಮೇಲಿಡುತ್ತಿದ್ದರು. ತಲೆ ಬಿಸಿಯಾದರೆ ಪಾಠ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಆಗ ಪುಸ್ತಕಗಳೆಲ್ಲ ಉರ್ದುವಿನಲ್ಲಿ, ಮಕ್ಕಳ ಮನೆಮಾತು ಬಹುಪಾಲು ಕನ್ನಡ. ಅವರು ಮೊದಲು ಉರ್ದುವಿನಲ್ಲಿ ಒಂದಕ್ಷರ ತಪ್ಪದೆ ಓದುವರು, ಆಮೇಲೆ ಪುಸ್ತಕ ಮುಚ್ಚಿ ಅದನ್ನೇ ಕನ್ನಡದಲ್ಲಿ ಹೇಳುವರು. “ಓದೂದು ಸರಕಾರದ ಕೆಲಸ, ತಿಳಿಸೂದು ನಮ್ಮ ಕೆಲಸ” ಎನ್ನುತ್ತಿದ್ದರು.

ಓಣಿಯ ಮಂದಿ ಕಾಗದ ಓದಿಸಿಕೊಳ್ಳಲು ಅವರಲ್ಲಿಗೆ ಬರುತ್ತಿದ್ದರು. ಆಗಿನ ಅವರ ಒಂದು ಪದ್ಧತಿ ನನಗೆ ವಿಚಿತ್ರವೆನಿಸುತ್ತಿತ್ತು. ಕಾಗದ ಕೈಗೆ ಬಂದ ಕೂಡಲೇ ಬಾಯಿಬಿಟ್ಟು ಓದುತ್ತಿರಲಿಲ್ಲ. ಪೂರ್ತಿ ಮನಸ್ಸಿನಲ್ಲೇ ಓದಿ, ಮಡಚಿ, ಎದುರಿಗಿದ್ದವರನ್ನು ಕೂಡಿಸಿ, ನೀರು ಕೊಟ್ಟು, ಆಮೇಲೆ ಮೊದಲಿನಿಂದ ಓದುವರು. “ಕೆಟ್ಟ ಸುದ್ದಿ ನನ್ನ ಮಾರಿ ಮ್ಯಾಲ ಮೊದಲು ಕಾಣಬಾರದು ನೋಡು, ಕಾಗದದಾಗಿಂದನ ಬರಬೇಕು” ಎಂದು ಕಾರಣ ಹೇಳಿದ್ದರು. ಒಂದು ಸಾಲನ್ನೂ ಬಿಡುತ್ತಿರಲಿಲ್ಲ, ಒಂದು ಸಾಲನ್ನೂ ಕೂಡಿಸುತ್ತಿರಲಿಲ್ಲ.

ಚಳಿಗಾಲದಲ್ಲಿ ಸ್ಟೇಶನ್ ಕಡೆಯ ಬಯಲಿಗೆ ಬಾಯಿಸ್ಕೋಪಿನ ಡೇರೆ ಬರುತ್ತಿತ್ತು. ಆಗಿನ ಚಿತ್ರಗಳಿಗೆ ಮಾತಿಲ್ಲ. ನಡುನಡುವೆ ಇಂಗ್ಲಿಷ್ ಅಕ್ಷರಗಳು ಮೂಡಿ ಮಾಯವಾಗುತ್ತಿದ್ದವು. ಓದಬಲ್ಲವರು ಹತ್ತು ಮಂದಿಯೂ ಇರುತ್ತಿರಲಿಲ್ಲ. ಆದ್ದರಿಂದ ಪರದೆಯ ಪಕ್ಕದಲ್ಲಿ ಒಬ್ಬರು ನಿಂತು ಕಥೆ ಹೇಳಬೇಕು. ಡೇರೆಯ ಮಾಲೀಕ ಊರೆಲ್ಲ ವಿಚಾರಿಸಿ ನಮ್ಮ ಮಾಸ್ತರನ್ನು ಹಿಡಿದ. ಕುರ್ಚಿಯಲ್ಲಿ ಕೂತವರಿಗೆ ಉರ್ದು, ನೆಲದ ಮೇಲೆ ಕೂತವರಿಗೆ ಕನ್ನಡ. ಬಲಗೈಯಲ್ಲಿ ಉದ್ದನೆಯ ಬಿದಿರು ಕೋಲು, ಕಾಲ ಬಳಿ ಕಂದೀಲು. ಪರದೇಶದ ಹೆಸರುಗಳು ಮಂದಿಯ ನಾಲಿಗೆಗೆ ಹೊರಳುವುದಿಲ್ಲವೆಂದು ಪೀಟರನನ್ನು ಪೀರಪ್ಪ ಮಾಡುತ್ತಿದ್ದರು. ಮಂದಿ ನಕ್ಕರೆ ನಗು ಮುಗಿಯುವವರೆಗೆ ಸುಮ್ಮನಿರುವರು. ಮುದುಕಿಯೊಬ್ಬಳು ಒಮ್ಮೆ, “ಈ ಮಾಸ್ತರ ಇದ್ರ ಪಡದೆ ಬ್ಯಾಡ್ರಿ, ಬರೇ ಇವರನ್ನ ನಿಂದರಸ್ರಿ” ಎಂದಳಂತೆ. ಅದನ್ನು ಮಾತ್ರ ಅವರು ತಾವಾಗಿ ನನಗೆ ಎರಡು ಸಲ ಹೇಳಿಕೊಂಡಿದ್ದರು. ಅಷ್ಟು ಹಮ್ಮು ಅವರಿಗೂ ಇತ್ತು.

ಜರ್ಮನ್ ಲಡಾಯಿ ಎಂದು ನಮ್ಮ ಕಡೆ ಕರೆಯುತ್ತಿದ್ದ ಆ ಮೊದಲ ಮಹಾಯುದ್ಧ ಆಗ ನಡೆದಿತ್ತು. ಸುತ್ತಲಿನ ಹಳ್ಳಿಗಳಿಂದ ಕೆಲವರು ಹೇಸರಗತ್ತೆ ಹೊಡೆಯಲು, ಕುದುರೆ ನೋಡಿಕೊಳ್ಳಲು, ನೀರು ಹೊರಲು ಫೌಜಿನ ಬೆನ್ನುಹತ್ತಿ ಸಮುದ್ರದಾಚೆಯ ಬಸ್ರಾದ ಕಡೆಗೆ ಹೋಗಿದ್ದರು. ಇನ್ನಷ್ಟು ಆಳು ಬೇಕೆಂದು ಹೊರಗಿನಿಂದ ಒಬ್ಬ ಭರ್ತಿ ಸಾಹೇಬ ಬಂದ. ಆತ ಡೇರೆಯವನಿಗೆ ಒಂದು ಲಡಾಯಿಯ ಚಿತ್ರ ಕೊಟ್ಟು ಪುಕ್ಕಟೆ ತೋರಿಸಲು ಹೇಳಿದ. ಮಾಸ್ತರ ಕೈಗೆ ಉರ್ದುವಿನಲ್ಲಿ ಬರೆದ ಒಂದು ಕಾಗದ ಬಂತು. ಚಿತ್ರ ಮುಗಿದ ಮೇಲೆ ಅದನ್ನು ಓದಬೇಕು. ಡೇರೆಯ ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಹೆಬ್ಬೆಟ್ಟು ಒತ್ತುವ ಮಸಿ ಸಿದ್ಧವಿತ್ತು.

ಹೊತ್ತು ಮುಳುಗುತ್ತಲೇ ಆಟ ಶುರುವಾಯಿತು. ನಾನು ನೆಲದವರ ಜೊತೆ ಮುಂದೆಯೇ ಕೂತಿದ್ದೆ. ಚಿತ್ರದಲ್ಲಿ ಎಲ್ಲಿಯದೋ ದೇಶದ ಒಂದು ಸಾಧಾರಣ ಸಂಸಾರ. ಹೊಳೆಯ ದಂಡೆಯಲ್ಲಿ ಹಿಟ್ಟಿನ ಗಿರಣಿ. ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು. ದಂಡು ಬರುತ್ತದೆ. ಹಿರಿಯ ಮಗನನ್ನು ಕರೆದೊಯ್ಯುತ್ತದೆ. ಆಮೇಲೆ ಇನ್ನೊಂದು ದಂಡು ಬರುತ್ತದೆ, ಗಿರಣಿಗೆ ಬೆಂಕಿ ಬೀಳುತ್ತದೆ. ತಾಯಿ ಕಿರಿಯವನ ಕೈ ಹಿಡಿದು ರಸ್ತೆಗೆ ಬೀಳುತ್ತಾಳೆ. ಎದುರಿಗೆ ಸಾಲುಸಾಲಾಗಿ ಸಿಪಾಯಿಗಳು. ಆಕೆ ರಸ್ತೆ ಬದಿ ನಿಂತು ಒಬ್ಬೊಬ್ಬರ ಮುಖ ನೋಡುತ್ತ ಮಗನನ್ನು ಹುಡುಕುತ್ತಾಳೆ. ಅಲ್ಲಿಗೆ ಒಂದು ಸುರುಳಿ ಮುಗಿದು, ಮುಂದಿನ ಸುರುಳಿ ಹಾಕಲು ಯಂತ್ರ ನಿಂತಿತು.

ಆಗ ನೆಲದವರ ನಡುವಿನಿಂದ ಒಬ್ಬ ಹೆಂಗಸು ಎದ್ದಳು. ನಲವತ್ತೈದರ ಆಸುಪಾಸು, ತಲೆಮೇಲೆ ಸೆರಗು, ಕೈಯಲ್ಲಿ ಬುತ್ತಿಗಂಟು. ಹತ್ತಿರದ ಕಮಲಾಪುರದವಳು. ಶರಣಬಸವೇಶ್ವರರ ಗುಡಿಗೆ ಬಂದವಳು, ಡೇರೆಯಲ್ಲಿ ಲಡಾಯಿ ತೋರಿಸುತ್ತಾರೆಂದು ಯಾರೋ ಅಂದದ್ದು ಕೇಳಿ ಇತ್ತ ನಡೆದಿದ್ದಳು. ನೆಟ್ಟಗೆ ಮಾಸ್ತರ ಎದುರಿಗೆ ಹೋಗಿ ನಿಂತಳು.

“ಮಾಸ್ತರ, ನನ್ನ ಮಗ ಹ್ವಾದ ವರ್ಷ ಲಡಾಯಿಗೆ ಹೋಗ್ಯಾನ್ರಿ. ಈಗ ಹೋದ್ರಲ್ಲ ಸಿಪಾಯಿಗೋಳು, ಅವರಾಗ ಅದಾನೇನ್ರಿ?”

ಕುರ್ಚಿಗಳಿಂದ ನಗು ಬಂತು. ಮಾಸ್ತರು ನಗಲಿಲ್ಲ. “ಯವ್ವಾ, ಇವರು ಬ್ಯಾರೆ ದೇಶದವರು. ಆಟ ಆಡಿ ತೋರಸ್ಯಾರ. ನಿನ್ನ ಮಗ ಇದರಾಗ ಇರೂದಿಲ್ಲ.”

“ನೀವು ಎಲ್ಲಾರ ಮಾರಿ ನೋಡೀರೇನ್ರಿ?”

ಮಾಸ್ತರು ಕೋಲು ಕೆಳಗಿಳಿಸಿದರು. ಆಕೆಯನ್ನೇ ನೋಡಿದರು. ಆಮೇಲೆ ಮೆಲ್ಲಗೆ, “ಇಲ್ಲವ್ವಾ, ನೋಡಿಲ್ಲ” ಎಂದರು.

ಮರುಗಳಿಗೆ ಯಂತ್ರ ತಿರುಗಿಸುವವನ ಕಡೆ ತಿರುಗಿ, ಮುಗಿದ ಸುರುಳಿಯನ್ನೇ ಮತ್ತೆ ಹಾಕಲು ಹೇಳಿದರು. ಅವನು ಭರ್ತಿ ಸಾಹೇಬನ ಮುಖ ನೋಡಿದ. “ಯೇ ಕ್ಯಾ ತಮಾಶಾ ಹೈ?” ಎಂದು ಸಾಹೇಬ ಗದರಿದ. ಮಾಸ್ತರು ಉರ್ದುವಿನಲ್ಲೇ ವಿನಯದಿಂದ ಉತ್ತರ ಕೊಟ್ಟರು: “ಹುಜೂರ್, ತಾಯಿಯೊಬ್ಬಳು ಮಗನನ್ನು ಹುಡುಕುತ್ತಿದ್ದಾಳೆ. ಎರಡು ನಿಮಿಷದ ಕೆಲಸ.” ಅದು ಎರಡು ನಿಮಿಷದ ಕೆಲಸವಾಗಿರಲಿಲ್ಲ. ಸುರುಳಿ ಸುತ್ತಿ ಮತ್ತೆ ಹಾಕಲು ಕಾಲು ತಾಸು ಹಿಡಿಯಿತು. ಒಬ್ಬರೂ ಎದ್ದು ಹೋಗಲಿಲ್ಲ.

ಆಕೆ ಪರದೆಯ ಹತ್ತಿರಕ್ಕೇ ಹೋಗಿ ನಿಂತಳು. ಸಿಪಾಯಿಗಳು ಮತ್ತೆ ಬಂದರು. ಆಕೆಯ ನೆರಳು ಅವರ ಮೇಲೆ ಬಿತ್ತು. ಮಾಸ್ತರು ಕೋಲನ್ನು ಬದಿಗಿಟ್ಟು ಆಕೆಯ ಪಕ್ಕದಲ್ಲೇ ನಿಂತು, ಆಕೆಯ ಹಾಗೆಯೇ ಒಬ್ಬೊಬ್ಬರ ಮುಖ ನೋಡತೊಡಗಿದರು. ಚಿತ್ರದ ತಾಯಿ ಹುಡುಕುತ್ತಿದ್ದಳು, ಕಮಲಾಪುರದ ತಾಯಿ ಹುಡುಕುತ್ತಿದ್ದಳು, ನಾವು ನೆಲದವರೂ ಹುಡುಕಿದೆವು. ಕಡೆಯ ಸಿಪಾಯಿ ದಾಟಿದ ಮೇಲೆ ಆಕೆ, “ಇಲ್ರೀ” ಎಂದಳು. ಬಂದು ಕೂತಳು. ಬುತ್ತಿಗಂಟನ್ನು ಮಡಿಲಲ್ಲಿಟ್ಟುಕೊಂಡಳು.

ಉಳಿದ ಕಥೆಯನ್ನು ಮಾಸ್ತರು ಬಹಳ ಕಡಿಮೆ ಮಾತಿನಲ್ಲಿ ಹೇಳಿದರು. ಪೀರಪ್ಪನೂ ಇಲ್ಲ, ನಗೆಮಾತೂ ಇಲ್ಲ. ಚಿತ್ರ ಮುಗಿಯಿತು, ಮಗ ಬರಲಿಲ್ಲ. ಸಾಹೇಬ ಕಾಗದ ಓದುವಂತೆ ಕೈ ಮಾಡಿದ. ಮಾಸ್ತರು ಇಡೀ ಕಾಗದವನ್ನು ಉರ್ದುವಿನಲ್ಲಿ ಒಂದಕ್ಷರ ತಪ್ಪದೆ ಓದಿದರು. ಆಮೇಲೆ ಅದನ್ನು ಮಡಚಿ, ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಕನ್ನಡಕ್ಕೆ ಹೊರಳಿದರು.

“ಲಡಾಯಿಗೆ ಬರ್ರಿ ಅಂತ ಸಾಹೇಬ್ರು ಕರ್ಯಾಕತ್ತಾರ. ಊಟ ಕೊಡ್ತಾರ, ಅರಿವಿ ಕೊಡ್ತಾರ, ಪಗಾರ ಕೊಡ್ತಾರ. ಇದು ಖರೇ. ಅಲ್ಲಿ ಹ್ವಾದವರು ಸಾಯಬಹುದು. ಇದೂ ಖರೇ. ಕಾಗದದಾಗ ಇದನ್ನ ಬರ್ದಿಲ್ಲ, ನಾ ಹೇಳಾಕತ್ತೀನಿ. ಹೋಗಾವ ಹುಚ್ಚ ಅಲ್ಲ, ಹೋಗದಾವ ಹೇಡಿ ಅಲ್ಲ. ಆದ್ರ ಹೋಗಾವ್ರು ಮನ್ಯಾಗ ಕೇಳಿ ಹೋಗ್ರಿ. ಈ ಯವ್ವನ್ನ ನೋಡಿದ್ರಲ್ಲ.”

ಬಾಗಿಲಲ್ಲಿ ಇಬ್ಬರು ಹೆಬ್ಬೆಟ್ಟು ಒತ್ತಿದರು. ಉಳಿದವರು ಮೇಜಿನ ಪಕ್ಕದಿಂದ ಹಾದು ಮನೆಗೆ ಹೋದರು.

ಇಬ್ಬರೇ ಸಿಕ್ಕರೆಂದು ಮೂರನೆಯ ದಿನ ವಿಚಾರಣೆ ಬಂತು. ಮಾಸ್ತರು ಕನ್ನಡದಲ್ಲಿ ಏನು ಹೇಳಿದರೆಂದು ಸಾಹೇಬನಿಗೆ ಗೊತ್ತಿರಲಿಲ್ಲ. ನಾನು ಮುಂದೆಯೇ ಕೂತಿದ್ದನ್ನು ಯಾರೋ ತಿಳಿಸಿದ್ದರು. ಕೇಳಿದ್ದನ್ನು ಬರೆದು ಕೊಡು ಎಂದು ನನಗೆ ಹುಕುಂ ಆಯಿತು. ನಾನು ಹೊಸಬ, ಮನೆಯಲ್ಲಿ ತಂದೆ ಇಲ್ಲ, ತಂಗಿಯರಿಬ್ಬರು. ನಿಜ ಬರೆದರೆ ಅವರಿಗೆ ಕಂಟಕ, ಸುಳ್ಳು ಬರೆದು ಸಿಕ್ಕಿಬಿದ್ದರೆ ನನಗೆ. ಗದ್ದಲದಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದು ಬರೆಯುವುದೇ ಜಾಣತನವೆಂದು ತೀರ್ಮಾನಿಸಿ, ಅವರ ಮನೆಗೆ ಹೋಗಿ ಹೇಳಿದೆ. ಅವರು ರೊಟ್ಟಿ ತಿನ್ನುತ್ತಿದ್ದರು. ಶೇಂಗಾ ಹಿಂಡಿಯನ್ನು ಬೆರಳಿಂದ ಒರೆಸಿಕೊಳ್ಳುತ್ತ ನನ್ನತ್ತ ನೋಡಿದರು.

“ಕೇಳಿಸಿಲ್ಲಂತ ಬರೀಬ್ಯಾಡೋ ತಮ್ಮಾ. ನಾ ಅಷ್ಟು ಸಣ್ಣ ದನಿಯಾಗ ಹೇಳಿಲ್ಲ.”

“ನೌಕ್ರಿ ಹೋದ್ರ, ಮಾಸ್ತರ?”

“ಹೋದ್ರ ಹೋಗ್ತದ. ನಾಳಿ ನಿನ್ನ ಮಗ ಕೇಳ್ತಾನ, ಅವತ್ತು ಏನ್ ಬರ್ದಿ ಅಂತ. ಅವಗೇನ್ ಹೇಳ್ತಿ? ಹೇಳಿದ್ದು ಹೇಳಿದಂಗ ಬರಿ. ಒಂದ್ ಸಾಲು ಬಿಡಬ್ಯಾಡ, ಒಂದ್ ಸಾಲು ಕೂಡಸಬ್ಯಾಡ.”

ಹಾಗೆಯೇ ಬರೆದೆ. ಆ ಹಾಳೆಯನ್ನು ಉರ್ದುವಿಗೆ ಇಳಿಸಿ ನನ್ನ ಕೈಯಲ್ಲಿ ಬರೆಸಿದವರೂ ಅವರೇ, ನನ್ನ ಉರ್ದು ಅಷ್ಟು ಗಟ್ಟಿಯಿರಲಿಲ್ಲ. ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ತಿದ್ದಿ, “ಇಲ್ಲೊಂದ್ ನುಕ್ತಾ ಬಿಟ್ಟೀ” ಎಂದು ಚುಕ್ಕೆಯಿಟ್ಟುಕೊಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ನೌಕರಿ ಉಳಿಯಿತು. ಶಿಕ್ಷೆಯೆಂದು ಕಮಲಾಪುರದ ಸಣ್ಣ ಶಾಲೆಗೆ ಎತ್ತಿ ಹಾಕಿದರು. ಕಲಬುರಗಿಯಲ್ಲಿ ಹೆಡ್‌ಮಾಸ್ತರಾಗುವ ಸರದಿ ಅವರದಿತ್ತು, ಅದೂ ಹೋಯಿತು. ನಾನು ಅಪರಾಧಿಯ ಹಾಗೆ ಅವರ ಮನೆಯಲ್ಲಿ ಸಾಮಾನು ಕಟ್ಟಲು ನಿಂತಿದ್ದೆ. ಅವರ ಹೆಂಡತಿ ಚೀಲದಲ್ಲಿ ಬೋಗುಣಿ ತುರುಕುತ್ತ, “ಮಾರಿ ಯಾಕ ಸಣ್ಣ ಮಾಡೀರಿ? ಕಮಲಾಪುರದ ಕೆಂಪು ಬಾಳೆಹಣ್ಣು ಪೇಟ್ಯಾಗ ತುಟ್ಟಿ ಅಂತಿದ್ವಿ, ಈಗ ಅಲ್ಲೇ ಹೊಂಟೀವಿ” ಎಂದು ನಕ್ಕರು. ಮಾಸ್ತರ ಹೆಂಡತಿಯ ಬಗ್ಗೆಯೂ ಒಂದು ವ್ಯಕ್ತಿಚಿತ್ರ ಬರೆಯಬೇಕು.

ಕಮಲಾಪುರಕ್ಕೆ ಹೋದ ಮೊದಲ ವಾರವೇ ಮಾಸ್ತರು ಆ ಹೆಂಗಸಿನ ಮನೆ ಹುಡುಕಿದರು. ಗಂಡ ತೀರಿಹೋಗಿದ್ದ. ಮಗನೊಬ್ಬನೇ. ತಾಯಿಯನ್ನು ಕೇಳದೆ, ಒಂದು ಮುಂಜಾನೆ ಹೊಲಕ್ಕೆ ಹೋಗುತ್ತೇನೆಂದು ಹೇಳಿ ಹೋದವನು, ಮುಂಬೈಯಿಂದ ಒಂದು ಕಾಗದ ಬರೆಸಿದ್ದ: ಹಡಗು ಹತ್ತುತ್ತಿದ್ದೇನೆ, ಹೇಸರಗತ್ತೆ ಹೊಡೆಯುವ ಕೆಲಸ. ಅದಾದ ಮೇಲೆ ಸುದ್ದಿಯೇ ಇಲ್ಲ. ಸತ್ತನೆಂದು ಊರಿನ ಕೆಲವರು ಆಗಲೇ ತೀರ್ಮಾನಿಸಿದ್ದರು. ಆಕೆ ಒಪ್ಪಿರಲಿಲ್ಲ.

ಮಾಸ್ತರು ಬರೆಯತೊಡಗಿದರು. ಒಂದು ಕಚೇರಿಗೆ ಉರ್ದುವಿನಲ್ಲಿ, ಇನ್ನೊಂದಕ್ಕೆ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ. ಕೆಲವಕ್ಕೆ ಉತ್ತರವಿಲ್ಲ, ಕೆಲವಕ್ಕೆ ಇಂಥ ಆಳಿಲ್ಲ ಎಂಬ ಉತ್ತರ. ಪ್ರತಿ ಉತ್ತರವನ್ನೂ ಮೊದಲು ಮನಸ್ಸಿನಲ್ಲಿ ಓದಿ, ಆಮೇಲೆ ಆಕೆಗೆ ಓದಿ ಹೇಳುವರು. ಆಕೆ ಕೇಳಿ, “ಇನ್ನೊಂದು ಬರೀರಿ” ಎನ್ನುವಳು. ಇವರು ಬರೆಯುವರು. ಹೀಗೆ ಎಂಟು ತಿಂಗಳು. ರಜೆಗೆ ಹೋದಾಗ ನಾನೊಮ್ಮೆ, “ಸತ್ತಿರಬಹುದಲ್ರಿ” ಎಂದೆ. “ಇರಬಹುದು. ಆದ್ರ ನಾ ನೋಡಿಲ್ಲಲ್ಲ” ಎಂದರು.

ಒಂದು ದಿನ ಅಂಚೆಯವನು ಶಾಲೆಗೆ ಒಂದು ಲಕೋಟೆ ತಂದ. ಯಾರ ಹೆಸರೆಂದು ತಿಳಿಯದೆ ಮಾಸ್ತರನ್ನು ಕೇಳಲು ಬಂದಿದ್ದ. ಇವರು ನೋಡಿದರೆ ಅದು ಹಂಪಿಯ ಹತ್ತಿರದ ಕಮಲಾಪುರಕ್ಕೆ ಹೋಗಬೇಕಾದದ್ದು, ದಾರಿ ತಪ್ಪಿ ಇಲ್ಲಿಗೆ ಬಂದಿತ್ತು. ಅಂಚೆಯವನು ನಕ್ಕು ಹೊರಟ. ಮಾಸ್ತರು ಅವನ ತೋಳು ಹಿಡಿದರು.

“ನಿಂದ್ರೋ. ಅಲ್ಲೀದು ಇಲ್ಲಿಗೆ ಬಂದದ ಅಂದ್ರ, ಇಲ್ಲೀದು ಅಲ್ಲಿಗೆ ಹೋಗಿರಬೇಕಲ್ಲ?”

ಅಂದೇ ಆ ಊರಿನ ಪೋಸ್ಟ್‌ಮಾಸ್ತರಿಗೆ ಬರೆದರು. ಇಪ್ಪತ್ತು ದಿನಕ್ಕೆ ಒಂದು ಪೊಟ್ಟಣ ಬಂತು. ಒಳಗೆ ಮೂರು ಕಾಗದ. ವಾರಸುದಾರರು ಸಿಗದೆ ಅಲ್ಲಿ ಮೂಲೆಯಲ್ಲಿ ಬಿದ್ದಿದ್ದವು. ಎಂದೂ ಓಡದ ಮಾಸ್ತರು ರುಮಾಲನ್ನೂ ಮರೆತು ಊರ ನಡುವೆ ಓಡಿದರೆಂದು ಕಮಲಾಪುರದವರು ಬಹಳ ದಿನ ಹೇಳಿಕೊಂಡು ನಗುತ್ತಿದ್ದರು.

ಮಗ ಬದುಕಿದ್ದ. ಯಾರೋ ಫೌಜಿನ ಮುನ್ಶಿ ಉರ್ದುವಿನಲ್ಲಿ ಬರೆದುಕೊಟ್ಟ ಕಾಗದಗಳು. ಇಲ್ಲಿ ಖರ್ಜೂರ ಬೇಕಾದಷ್ಟು, ನೀರು ಮಾತ್ರ ಉಪ್ಪುಪ್ಪು. ನನ್ನ ಹೇಸರಗತ್ತೆ ಬಹಳ ಹಟಮಾರಿ. ಕೈಗೆ ಪೆಟ್ಟಾಗಿ ಎರಡು ಬೆರಳು ಹೋದವು, ಚಿಂತೆ ಮಾಡಬೇಡ. ಮೂರನೆಯದರಲ್ಲಿ ಎರಡೇ ಸಾಲು. ಮಾಸ್ತರು ಅದನ್ನು ನನಗೆ ಬಾಯಿಪಾಠದಂತೆ ಹೇಳಿದ್ದರು: “ಅವ್ವಾ, ಎರಡು ಕಾಗದ ಬರೆಸಿದೆ, ಒಂದಕ್ಕೂ ಜವಾಬಿಲ್ಲ. ಕೇಳದೆ ಬಂದೆನೆಂದು ಇನ್ನೂ ಸಿಟ್ಟೇನು?”

ಇದನ್ನು ಕೇಳಿದ ತಾಯಿ ಗೋಡೆ ಹಿಡಿದು ಕೂತಳಂತೆ. ಮಗ ಸಿಕ್ಕನೆಂದು ಅತ್ತಳೋ, ಅವನು ಅಷ್ಟು ದಿನ ಹಾಗೆ ತಿಳಿದುಕೊಂಡಿದ್ದನೆಂದು ಅತ್ತಳೋ ಹೇಳುವುದು ಕಷ್ಟ. ಮಾಸ್ತರು ದೌತಿ, ಲೆಕ್ಕಣಿಕೆ ತೆಗೆದರು.

“ಏನ್ ಬರೀಲಿ ಹೇಳವ್ವಾ.”

“ಸಿಟ್ಟಿಲ್ಲಂತ ಬರೀರಿ. ಮೊದಲ ಸಾಲಿನಾಗ ಅದನ್ನ ಬರೀರಿ. ಉಳಿದಿದ್ದು ಆಮ್ಯಾಲ.”

ಆಮೇಲೆ ಆ ಮನೆಯಿಂದ ಬಸ್ರಾಕ್ಕೆ ಕಾಗದ ತಪ್ಪಲಿಲ್ಲ. ವಿಳಾಸದಲ್ಲಿ ಮಾಸ್ತರು ‘ಕಮಲಾಪುರ, ಕಲಬುರಗಿಯ ಹತ್ತಿರದ್ದು’ ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯವರು ಲಡಾಯಿಗೆ ಹೋಗಿದ್ದರೋ ಅವರೆಲ್ಲ ಈ ಸುದ್ದಿ ಕೇಳಿ ಬರತೊಡಗಿದರು. ಎಲ್ಲರಿಗೂ ಒಳ್ಳೆಯ ಸುದ್ದಿ ಸಿಗಲಿಲ್ಲ. ಒಬ್ಬಳಿಗೆ ಗಂಡ ಜ್ವರದಲ್ಲಿ ತೀರಿದ್ದನ್ನು ಓದಿ ಹೇಳಿದ ದಿನ ಅವರು ಊಟ ಮಾಡಲಿಲ್ಲವೆಂದು ಅವರ ಹೆಂಡತಿಯಿಂದ ಕೇಳಿದ್ದೇನೆ. ಮುಂದೆ ಬಂದ ಹೊಸ ಅಧಿಕಾರಿ ಹಳೆಯ ಶಿಕ್ಷೆಯನ್ನು ರದ್ದುಮಾಡಿ ಕಲಬುರಗಿಗೆ ಕರೆದ. ಮಾಸ್ತರು ಹೋಗಲಿಲ್ಲ. “ಈ ಮಂದಿ ಕಾಗದ ಹಿಡಕೊಂಡು ಎಲ್ಲಿಗೆ ಹೋಗ್ಬೇಕು?” ಎಂದರು. ನಿವೃತ್ತರಾಗುವವರೆಗೂ ಅಲ್ಲಿಯೇ ಇದ್ದರು.

ಲಡಾಯಿ ಮುಗಿದು ಕೆಲವು ತಿಂಗಳಾಗಿತ್ತು. ಶಾಲೆಯ ಕೆಲಸಕ್ಕೆಂದು ನಾನು ಕಮಲಾಪುರಕ್ಕೆ ಹೋಗಿದ್ದೆ. ಮುಂಜಾನೆ ಮಾಸ್ತರೂ ನಾನೂ ಶಾಲೆಯ ಕಡೆ ನಡೆಯುತ್ತಿದ್ದೆವು. ಕಲಬುರಗಿಯ ಹಾದಿಯಿಂದ ಒಬ್ಬ ತರುಣ ಬಂದ. ಖಾಕಿ ಕೋಟು, ಬಿಸಿಲಿಗೆ ಕಪ್ಪಾದ ಮುಖ, ಹೆಗಲ ಮೇಲೆ ಚೀಲ. ಚೀಲ ಹಿಡಿದ ಕೈಯಲ್ಲಿ ಎರಡು ಬೆರಳಿರಲಿಲ್ಲ. ಮಾಸ್ತರು ನಿಂತುಬಿಟ್ಟರು. ತರುಣ ಗುರುತಿಲ್ಲದೆ ಕೈ ಮುಗಿದ.

“ನಮಸ್ಕಾರ್ರಿ. ನೀವು ಈ ಊರಾಗ ಹೊಸಬರೇನ್ರಿ?”

“ಹೂಂ. ಸಾಲಿ ಮಾಸ್ತರ. ನಿಮ್ಮವ್ವ ಮನ್ಯಾಗ ಅದಾಳ, ಲಗೂನ ಹೋಗಪ್ಪಾ.”

ತನ್ನ ತಾಯಿ ಯಾರೆಂದು ಇವರಿಗೆ ಹೇಗೆ ಗೊತ್ತೆಂದು ಕೇಳಲೂ ಆತನಿಗೆ ತೋಚಲಿಲ್ಲ. ಓಡಿದ. ನಾನು ತಡೆಯಲಾರದೆ, “ಕಾಗದ ಬರದವ್ರು ನೀವೇ ಅಂತ ಯಾಕ ಹೇಳಲಿಲ್ರಿ? ಇನ್ನೊಂದ್ ತಾಸಿಗೆ ಹೆಂಗೂ ಗೊತ್ತಾಗ್ತದ” ಎಂದೆ.

“ಗೊತ್ತಾಗಲಿ. ಆದ್ರ ಆ ಒಂದ್ ತಾಸು ಅವರಿಬ್ಬರದು.”

ಓಣಿಯ ಆ ತುದಿಯಿಂದ ಒಂದು ಕೂಗು ಕೇಳಿತು. ಹೆಂಗಸಿನ ದನಿ. ಮಾಸ್ತರು ತಿರುಗಿ ನೋಡಲಿಲ್ಲ. ಶಾಲೆಯ ಹೊಸ್ತಿಲಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು. ಆಮೇಲೆ ಒಳಗೆ ಹೋಗಿ ಎಂದಿನಂತೆ ಮಗ್ಗಿ ಹೇಳಿಸತೊಡಗಿದರು. ನಾನು ಹೊರಗೆ ಬೇವಿನ ನೆರಳಲ್ಲಿ ನಿಂತು ಕೇಳುತ್ತಿದ್ದೆ.

“ಏಳ ಏಳ್ಲಿ ನಾಲ್ವತ್ತೊಂಬತ್ತು. ಏಳ ಎಂಟ್ಲಿ ಐವತ್ನಾಕು.”

“ಐವತ್ತಾರ್ರೀ ಮಾಸ್ತರ!” ಎಂದು ಇಡೀ ತರಗತಿ ಕೂಗಿತು.

ಮಾಸ್ತರು ದೊಡ್ಡದಾಗಿ ನಕ್ಕರು, “ಹೌದ್ರಪ್ಪಾ, ಐವತ್ತಾರು” ಎಂದು ಒಪ್ಪಿಕೊಂಡು, ಮತ್ತೆ ಏಳೊಂದ್ಲಿಯಿಂದ ಶುರುಮಾಡಿದರು.